ಹಣೆಯ ಮೇಲಣ ತ್ರಿಕೋಣ: ಮೈಸೂರು ಯುದ್ಧಕಾಲದ ಒಂದು ಶಸ್ತ್ರಕ್ರಿಯೆಯ ವಿವೇಚನೆ

ಮಾನವಶರೀರದಲ್ಲಿ ಸರಳರೇಖೆಯೆಂಬುದು ಬಹು ವಿರಳ. ಎಲುಬುಗಳೆಲ್ಲ ಅಷ್ಟಿಷ್ಟು ಬಾಗಿರುತ್ತವೆ; ಸ್ನಾಯುಗಳು ಒಂದನ್ನೊಂದು ಸುತ್ತಿಕೊಂಡಿರುತ್ತವೆ; ರಕ್ತನಾಳಗಳು ಹೊಳೆಗಳಂತೆ ತಿರುವುಗಳನ್ನು ಬಳಸಿಕೊಂಡೇ ಹರಿಯುತ್ತವೆ. ಆದರೂ ಅಂಗರಚನಾಶಾಸ್ತ್ರದ ಯಾವ ಪಠ್ಯಗ್ರಂಥವನ್ನು ತೆರೆದು ನೋಡಿದರೂ ಅದರಲ್ಲಿ ತ್ರಿಕೋಣಗಳು ಹೇರಳವಾಗಿ ಕಾಣಸಿಗುತ್ತವೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಆ ಆಕಾರವುಳ್ಳ ಅಂಗಗಳು. ಭುಜವನ್ನು ಮುಚ್ಚಿರುವ ದಪ್ಪನೆಯ ಸ್ನಾಯುವಿಗೆ ಗ್ರೀಕರ ಡೆಲ್ಟಾ ಎಂಬ ಮುಕ್ಕೋಣ ಅಕ್ಷರದಿಂದ ಡೆಲ್ಟಾಯಿಡ್ ಎಂಬ ಹೆಸರು ಬಂದಿತು. ಬೆನ್ನುಮೂಳೆಯ ಬುಡದಲ್ಲಿರುವ, ನಮ್ಮವರು ತ್ರಿಕಾಸ್ಥಿಯೆಂದು ಕರೆಯುವ ಎಲುಬು ತಲೆಕೆಳಗಾಗಿ ನಿಲ್ಲಿಸಿದ ತ್ರಿಕೋಣದಂತೆಯೇ ಇದೆ. ಆದರೆ ಪಠ್ಯಗಳಲ್ಲಿ ಬರುವ ತ್ರಿಕೋಣಗಳಲ್ಲಿ ಬಹುಪಾಲು ಅಂಗಗಳಲ್ಲ, ಪ್ರದೇಶಗಳು. ಅವುಗಳ ಮೂರು ಭುಜಗಳನ್ನು ಎಳೆದವನು ಶಾಸ್ತ್ರಜ್ಞನೇ ಹೊರತು ಸೃಷ್ಟಿಕರ್ತನಲ್ಲ.

ಹೀಗೆ ಎಳೆದುದೇತಕ್ಕೆ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಪರೀಕ್ಷೆಗೆ ಮೂರು ಎಲ್ಲೆಗಳನ್ನು ಬಾಯಿಪಾಠ ಮಾಡಿದರೆ ಸಾಕಾಗುತ್ತದೆ. ಉತ್ತರವಾದರೋ ಆ ತ್ರಿಕೋಣಗಳ ಒಳಗೇ ಇದೆ. ತೊಡೆಸಂದಿನ ಕೆಳಗಿರುವ, ಇಟಲಿಯ ಆಂಟೋನಿಯೋ ಸ್ಕಾರ್ಪಾನ (೧೭೫೨-೧೮೩೨) ಹೆಸರನ್ನು ಹೊತ್ತ ತ್ರಿಕೋಣದೊಳಗೆ ಕಾಲಿಗೆ ರಕ್ತವನ್ನೊಯ್ಯುವ ಹಿರಿಯ ಧಮನಿ ಚರ್ಮಕ್ಕೆ ಸಮೀಪವಾಗಿ ಹಾದುಹೋಗುತ್ತದೆ. ಕತ್ತಿನ ಪಾರ್ಶ್ವದ ಒಂದು ತ್ರಿಕೋಣದಲ್ಲಿ ತಲೆಗೆ ಹೋಗುವ ಧಮನಿ ಬೆರಳಿಗೆ ಸಿಕ್ಕುತ್ತದೆ. ದವಡೆಯ ಕೆಳಗೆ ರಷ್ಯದ ಪಿರೊಗೋವನು ಗುರುತಿಸಿದ ಚಿಕ್ಕ ತ್ರಿಕೋಣದಲ್ಲಿ ನಾಲಗೆಯ ಧಮನಿ ಇದೆ. ೧೮೯೧ರಲ್ಲಿ ಫ್ರಾನ್ಸಿನ ಕಾಲೋ ಪ್ರಕಟಿಸಿದ ತ್ರಿಕೋಣವು ಪಿತ್ತಕೋಶವನ್ನು ತೆಗೆಯುವವನು ಯಾವ ನಾಳವನ್ನು ಕಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ತಿಳಿಸುತ್ತದೆ. ಬೆನ್ನಿನ ಮೇಲೆ ಶ್ವಾಸಕೋಶದ ಶಬ್ದವನ್ನು ಆಲಿಸುವುದಕ್ಕಾಗಿ ಗುರುತಿಸಿರುವ ತ್ರಿಕೋಣದಂತಹ ಅಪವಾದಗಳು ಉಂಟು. ಆದರೂ ಒಟ್ಟಿನಲ್ಲಿ ನೋಡಿದರೆ, ಇಂತಹ ತ್ರಿಕೋಣವು ರಕ್ತ ಎಲ್ಲಿ ಹರಿಯುತ್ತದೆಯೆಂಬುದನ್ನು ಕತ್ತಿ ಹಿಡಿದವನ ಕೈಗೆ ತಿಳಿಸುವ ಒಂದು ಭೂಪಟವೆಂದು ಹೇಳಬಹುದು.

ಈ ಭೂಪಟಗಳ ಸಾಲಿಗೆ ಸೇರಬೇಕಾದ, ಆದರೆ ಯಾವ ಶಾಸ್ತ್ರಜ್ಞನ ಹೆಸರನ್ನೂ ಹೊರದ ಮತ್ತೊಂದು ತ್ರಿಕೋಣವುಂಟು. ಅದು ಮನುಷ್ಯನ ಹಣೆಯ ಮೇಲೆ ಮೇಣದ ತಗಡನ್ನಿಟ್ಟು ಬರೆದ ತ್ರಿಕೋಣ. ಅದನ್ನು ಬರೆದವನು ಪುಣೆಯ ಬಳಿಯ ಒಬ್ಬ ಕುಂಬಾರ. ಅದಕ್ಕೆ ಕಾರಣವಾದ ಗಾಯವಾದರೋ ಇಂದಿನ ಮಂಡ್ಯ ಜಿಲ್ಲೆಯ ನೆಲದ ಮೇಲೆ ನಡೆದ ಯುದ್ಧದ ಫಲ. ಈ ಸಂಬಂಧವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ನೆಲದ ವಿಚಾರ. ಮಂಡ್ಯ ಜಿಲ್ಲೆ ೧೯೩೯ರಲ್ಲಿ ರೂಪುಗೊಂಡಿತು. ಅದಕ್ಕೆ ಮೊದಲು ಈ ಭಾಗವೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ಹದಿನೆಂಟನೆಯ ಶತಮಾನದಲ್ಲಿ ಇದು ರಾಜಧಾನಿಯಾದ ಶ್ರೀರಂಗಪಟ್ಟಣದ ಹೆಬ್ಬಾಗಿಲಾಗಿತ್ತು. ಬೆಂಗಳೂರಿನಿಂದ ಹೊರಟ ಸೈನ್ಯಕ್ಕೆ ಮುಖ್ಯವಾಗಿ ಎರಡು ದಾರಿಗಳಿದ್ದುವು. ಒಂದು ಚನ್ನಪಟ್ಟಣವನ್ನು ಹಾದು, ಮದ್ದೂರಿನಲ್ಲಿ ಶಿಂಷಾ ಹೊಳೆಯನ್ನು ದಾಟಿ, ಮಂಡ್ಯದ ಮೂಲಕ ಹೋಗುವ ದಾರಿ. ಮತ್ತೊಂದು ದಕ್ಷಿಣಕ್ಕೆ ತಿರುಗಿ ಕಾನಕಾನಹಳ್ಳಿ, ಎಂದರೆ ಇಂದಿನ ಕನಕಪುರ, ಮತ್ತು ಮಳವಳ್ಳಿಗಳ ಮೂಲಕ ಕಾವೇರಿಯ ತೀರವನ್ನು ಮುಟ್ಟುವ ದಾರಿ. ಭೂಪಟದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಗೆರೆಗಳಿಂದ ಕೂಡಿಸಿದರೆ ದೊರೆಯುವ ತ್ರಿಕೋಣದೊಳಕ್ಕೆ ಕಾಲಿಡದೆ, ಅಥವಾ ಅದರ ಅಂಚನ್ನು ತುಳಿಯದೆ, ಪೂರ್ವದಿಂದ ಬಂದ ಸೈನ್ಯವು ಶ್ರೀರಂಗಪಟ್ಟಣವನ್ನು ಸೇರುವುದು ಸುಲಭವಾಗಿರಲಿಲ್ಲ.

೧೭೯೧ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಟೀಪು ಸುಲ್ತಾನನು ಚನ್ನಪಟ್ಟಣದ ದಾರಿಯನ್ನು ಬಲವಾಗಿ ಕಾಯ್ದಿದ್ದನು. ಆದ್ದರಿಂದ ಇಂಗ್ಲಿಷರ ಸೈನ್ಯವು ಕಾನಕಾನಹಳ್ಳಿಯ ದಾರಿಯನ್ನು ಹಿಡಿದು, ಮಳವಳ್ಳಿ ಸೀಮೆಯನ್ನು ಹಾದು ಅರಕೆರೆಗೆ ಬಂದಿತು. ಮೇ ೧೫ರಂದು ಅಲ್ಲಿ ನಡೆದ ಕಾಳಗದಲ್ಲಿ ಇಂಗ್ಲಿಷರು ಗೆದ್ದರಾದರೂ ಗೆಲುವಿನಿಂದ ಅವರಿಗೆ ಪ್ರಯೋಜನವಾಗಲಿಲ್ಲ. ಸುಲ್ತಾನನು ದಾರಿಯುದ್ದಕ್ಕೂ ಮೇವನ್ನು ನಾಶಮಾಡಿಸಿದ್ದನು, ಹಳ್ಳಿಗಳು ಬರಿದಾಗಿದ್ದುವು, ಮಳೆ ಹಿಡಿದಿತ್ತು. ಫಿರಂಗಿಗಳನ್ನೂ ಧಾನ್ಯವನ್ನೂ ಎಳೆಯಬೇಕಾದ ಎತ್ತುಗಳು ರಾಶಿರಾಶಿಯಾಗಿ ಸತ್ತುವು. ಕೋಟೆಯ ಗೋಡೆಯನ್ನು ಕಣ್ಣಿನಿಂದ ಕಂಡೂ ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂತಿರುಗಬೇಕಾಯಿತು.

ಈ ಸಂಗತಿಯನ್ನು ಯುದ್ಧದ ಇತಿಹಾಸಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ನಮ್ಮ ಅಭಿಪ್ರಾಯದಲ್ಲಿ ಅದೇ ಈ ಯುದ್ಧದ ತಿರುಳು. ಮೈಸೂರಿನ ಅರಸರು ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ಬೆಣ್ಣೆ ಚಾವಡಿಯೆಂಬ ಇಲಾಖೆಯಲ್ಲಿ ದನಗಳನ್ನು ಸಾಕುತ್ತ ಬಂದಿದ್ದರು. ಟೀಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಆ ಎತ್ತುಗಳ ವೇಗದ ಬಲದಿಂದ ಮೈಸೂರಿನ ದಂಡು ಶತ್ರುಗಳಿಗೆ ಅಚ್ಚರಿಯಾಗುವಷ್ಟು ಬೇಗ ನಡೆಯುತ್ತಿತ್ತು. ಶತ್ರುವಿನ ಎತ್ತು, ಅದನ್ನು ಹೊಡೆಯುವ ಆಳು, ಇವೆರಡನ್ನೂ ಕೆಡಿಸಿದರೆ ಫಿರಂಗಿ ನಿಂತಲ್ಲೇ ನಿಲ್ಲುತ್ತದೆ. ಆಯುಧವಿಲ್ಲದ ಗಾಡಿಯಾಳು ಯುದ್ಧದಲ್ಲಿ ಮೊದಲ ಗುರಿಯಾಗುವುದಕ್ಕೆ ಇದೇ ಕಾರಣ. ಅಂತಹ ಒಬ್ಬ ಆಳಿನ ಹೆಸರು ಯೂರೋಪಿನ ವೈದ್ಯಶಾಸ್ತ್ರದಲ್ಲಿ ಶಾಶ್ವತವಾಗಿ ಉಳಿಯಿತು.

ಅವನ ಹೆಸರನ್ನು ಕವಾಸ್ಜಿ ಎಂದು ಬರೆದಿದ್ದಾರೆ. ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ 'ಬಿ. ಎಲ್.' ಎಂಬ ಎರಡಕ್ಷರಗಳ ಸಹಿಯುಳ್ಳ ಒಂದು ಪತ್ರ ಅಚ್ಚಾಯಿತು. ಅದರ ಪ್ರಕಾರ ಕವಾಸ್ಜಿ ಮರಾಠಾ ಒಕ್ಕಲುಜಾತಿಯವನು. ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದನು. ಟೀಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ಸೈನ್ಯವನ್ನು ಸೇರಿ, ಮುಂದೆ ಕಂಪೆನಿಯ ಪಿಂಚಣಿ ಪಡೆದನು. ಹೆಸರು ಪಾರಸಿಯವರದಂತೆ ಕೇಳಿಸುತ್ತದೆ, ಜಾತಿ ಮರಾಠಾ ಎಂದಿದೆ; ಯಾವುದೋ ಮರಾಠಿ ಹೆಸರು ಇಂಗ್ಲಿಷ್ ಕಿವಿಯಲ್ಲಿ ಹೀಗೆ ಮಾರ್ಪಟ್ಟಿರಬಹುದೆಂದು ನಮಗೆ ತೋರುತ್ತದೆ.

ಇಲ್ಲಿ ಒಂದೆರಡು ಮಾತು ಅಗತ್ಯ. ಪತ್ರ ಪ್ರಕಟವಾದುದು ಸುಲ್ತಾನನ ಶತ್ರುಗಳ ದೇಶದಲ್ಲಿ, ಯುದ್ಧ ಮುಗಿದು ಎರಡು ವರ್ಷಗಳಿಗೆ ಮೇಲ್ಪಟ್ಟು ಕಳೆದಿದ್ದಾಗ. ಮೈಸೂರಿನ ಕ್ರೌರ್ಯದ ಕಥೆಗಳಿಗೆ ಅಲ್ಲಿ ಒಳ್ಳೆಯ ಗಿರಾಕಿಯಿತ್ತೆಂಬುದು ನಿರ್ವಿವಾದ. ಆದ್ದರಿಂದ ಆಜ್ಞೆ ಯಾರದು, ಕತ್ತಿ ಯಾರದು ಎಂಬ ವಿಷಯದಲ್ಲಿ ಈ ಒಂದು ಪತ್ರವನ್ನೇ ನಂಬಿ ತೀರ್ಪು ಕೊಡಲಾಗದು. ಆದರೆ ಗಾಯವನ್ನು ಕಲ್ಪಿತವೆನ್ನುವಂತೆಯೂ ಇಲ್ಲ. ಮೂಗು ಕೊಯ್ಯುವ ಪದ್ಧತಿ ದಕ್ಷಿಣದ ಯುದ್ಧಗಳಲ್ಲಿ ಹಳೆಯದು. ೧೬೫೦ರ ದಶಕದ ಕೊನೆಯಲ್ಲಿ ಮೈಸೂರಿಗೂ ಮಧುರೆಯ ತಿರುಮಲ ನಾಯಕನಿಗೂ ನಡೆದ ಯುದ್ಧದಲ್ಲಿ ಮೈಸೂರಿನ ದಂಡು ಶತ್ರುಗಳ ಮೂಗುಗಳನ್ನು ಕೊಯ್ದುದನ್ನೂ, ಮಧುರೆಯವರು ಅದೇ ರೀತಿಯಲ್ಲಿ ಮುಯ್ಯಿ ತೀರಿಸಿದುದನ್ನೂ ಜೆಸ್ಯೂಟ್ ಪಾದ್ರಿಗಳ ಕಾಗದಗಳು ತಿಳಿಸುತ್ತವೆ. ತಮಿಳರು ಅದನ್ನು ಮೂಗು ಕೊಯ್ದ ಯುದ್ಧವೆಂದೇ ಕರೆದರು. ಶೂರ್ಪನಖಿಯ ಕಥೆಯನ್ನು ಬಲ್ಲ ನಾಡಿನಲ್ಲಿ ಮೂಗು ಹೋದರೆ ಉಸಿರಾಟಕ್ಕಿಂತ ಮಿಗಿಲಾಗಿ ಮಾನಕ್ಕೆ ಕೇಡು. ಕೊಂದರೆ ಮರೆತುಹೋಗುತ್ತಾನೆ, ಮೂಗು ಕೊಯ್ದು ಬಿಟ್ಟರೆ ಊರೂರಿಗೆ ಹೋಗಿ ಸೋಲನ್ನು ತೋರಿಸುತ್ತಾನೆ. ಇದೇ ಅದರ ಹಿಂದಿನ ಲೆಕ್ಕಾಚಾರ. ಹೀಗೆ ಮುಖಕೆಟ್ಟವರು ಹೆಚ್ಚಿದಂತೆ ಅದನ್ನು ಸರಿಪಡಿಸುವ ಕಸುಬುದಾರರೂ ಹುಟ್ಟಿಕೊಂಡರೆಂಬುದು ಆಶ್ಚರ್ಯವಲ್ಲ.

ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಕವಾಸ್ಜಿಗೆ ಪುಣೆಯ ಬಳಿ ಒಬ್ಬನು ಹೊಸ ಮೂಗನ್ನು ಮಾಡಿಕೊಟ್ಟನು. ಅವನನ್ನು ಪತ್ರವು ಇಟ್ಟಿಗೆ ಮಾಡುವ ಜಾತಿಯವನೆಂದು ಹೇಳುತ್ತದೆ. ಬೊಂಬಾಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರು, ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೆ, ಪಕ್ಕದಲ್ಲಿ ನಿಂತು ಇದನ್ನು ನೋಡಿದರು.

ಕ್ರಮ ಹೀಗಿತ್ತು. ಮೊದಲು ತೆಳ್ಳನೆಯ ಮೇಣದ ತಗಡನ್ನು ಮೂಗಿನ ಮೋಟಿನ ಮೇಲೆ ಕೂರಿಸಿ, ಅದು ಒಪ್ಪವಾದ ಮೂಗಿನಂತೆ ಕಾಣುವವರೆಗೆ ತಿದ್ದುತ್ತಿದ್ದರು. ಅನಂತರ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆಯೆಳೆಯುತ್ತಿದ್ದರು. ಆ ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಮಾತ್ರ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸುತ್ತಿದ್ದರು. ಮೂಗಿನ ಮೋಟಿನ ಒಣಗಿದ ಅಂಚನ್ನು ಸವರಿ ಹಸಿಯಾಗಿಸಿ, ಮೇಲ್ತುಟಿಯ ಮೇಲ್ಭಾಗದಿಂದ ಎರಡು ಪಕ್ಕಗಳಿಗೂ ಸೀಳು ಮಾಡಿ, ಹಣೆಯಿಂದ ಇಳಿಸಿದ ಚರ್ಮವನ್ನು ತಿರುಗಿಸಿ ಆ ಸೀಳಿನೊಳಗೆ ಅಂಚನ್ನು ಸೇರಿಸುತ್ತಿದ್ದರು. ನಾವು ಎಲೆಯಡಿಕೆಯೊಡನೆ ಹಾಕಿಕೊಳ್ಳುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ತುಂಡುಗಳಿಗೆ ಸವರಿ, ಅಂತಹ ಐದಾರು ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಕೂಡಿದ ಜಾಗವನ್ನು ಭದ್ರಪಡಿಸುತ್ತಿದ್ದರು. ನಾಲ್ಕು ದಿನಗಳವರೆಗೆ ಬೇರೆ ಉಪಚಾರವಿಲ್ಲ. ಅನಂತರ ಆ ಬಟ್ಟೆಗಳನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನಿಡುವುದು. ರೋಗಿಯು ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ಸುರುಳಿಗಳನ್ನು ಒಳಗಿಡುತ್ತಿದ್ದರು. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವೆ ಉಳಿಸಿದ್ದ ಪಟ್ಟಿಯನ್ನು ಕತ್ತರಿಸುತ್ತಿದ್ದರು.

ಮೇಣದ ತಗಡಿನ ಮಾತನ್ನು ಇನ್ನಷ್ಟು ವಿಚಾರ ಮಾಡಬೇಕು. ಮೂಗು ಮುಖದ ನಡುವೆ ಎದ್ದುನಿಂತಿರುವ ತ್ರಿಕೋಣಾಕಾರದ ದಿಬ್ಬ. ಮೇಲೆ ಕಿರಿದು, ಹೊಳ್ಳೆಗಳ ಬಳಿ ಅಗಲ. ಅದರ ಮೇಲೆ ಕೂರಿಸಿದ ತಗಡನ್ನು ಚಪ್ಪಟೆ ಮಾಡಿದರೆ ಎರಡು ಪಕ್ಕಗಳೂ ಹರಡಿಕೊಂಡು, ಮೂಗನ್ನು ನೋಡಿ ಅಂದಾಜು ಮಾಡುವುದಕ್ಕಿಂತ ಬಹಳ ಅಗಲವಾದ ಆಕೃತಿ ದೊರೆಯುತ್ತದೆ. ಎತ್ತರವುಳ್ಳ ವಸ್ತುವಿಗೆ ಎಷ್ಟು ಚರ್ಮ ಬೇಕೆಂಬ ಲೆಕ್ಕವನ್ನು ಮೇಣ ತಾನಾಗಿಯೇ ಮಾಡಿಕೊಡುತ್ತದೆ. ಮಡಕೆಯ ಮೈಯನ್ನು ದಿನವೂ ತಟ್ಟಿ ಹಿಗ್ಗಿಸುವವನಿಗೆ ಇದು ಹೊಳೆದುದು ಸಹಜ. ಹಣೆಯ ಮೇಲೆ ಈ ಆಕೃತಿ ತಲೆಕೆಳಗಾಗಿ ಕುಳಿತುಕೊಳ್ಳುತ್ತದೆ: ಪಾದ ಕೂದಲಿನ ಕಡೆಗೆ, ಶೃಂಗ ಹುಬ್ಬುಗಳ ನಡುವೆ. ಶೃಂಗದಲ್ಲಿ ಉಳಿದ ಆ ಬೆರಳಗಲದ ಪಟ್ಟಿಯೇ ಇಡೀ ಕ್ರಿಯೆಯ ಜೀವಾಳ. ಅದನ್ನು ಕತ್ತರಿಸಿದ್ದರೆ ಚರ್ಮವು ಕಪ್ಪಾಗಿ ಉದುರಿಹೋಗುತ್ತಿತ್ತು.

ಏಕೆಂದರೆ ಅಲ್ಲಿ ಒಂದು ಸಣ್ಣ ಧಮನಿಯಿದೆ. ತಲೆಬುರುಡೆಯ ಒಳಗಿನಿಂದ ಕಣ್ಣಿನ ಗೂಡಿಗೆ ಬರುವ ಧಮನಿಯ ಶಾಖೆಯೊಂದು ಗೂಡಿನ ಒಳಮೂಲೆಯಲ್ಲಿ ಹೊರಬಂದು, ಹುಬ್ಬಿನ ಒಳತುದಿಯ ಬಳಿ ಚರ್ಮದಡಿಗೆ ಹಾದು ಹಣೆಗೆ ಏರುತ್ತದೆ. ಹಣೆಯ ಚರ್ಮವನ್ನು ಎಷ್ಟೇ ದೊಡ್ಡದಾಗಿ ಬಿಡಿಸಿದರೂ ಈ ಬುಡ ಉಳಿದರೆ ರಕ್ತ ಉಳಿಯುತ್ತದೆ. ಮೂರು ವಾರಗಳು ಕಳೆಯುವುದರೊಳಗೆ ಮೂಗಿನ ಅಂಚಿನಿಂದ ಹೊಸ ನಾಳಗಳು ಬೆಳೆದು ಒಳಸೇರುತ್ತವೆ; ಆಮೇಲೆ ಬುಡವನ್ನು ಕತ್ತರಿಸಿದರೂ ಅಪಾಯವಿಲ್ಲ. ಇಂದಿಗೂ ಶಸ್ತ್ರವೈದ್ಯರು ಹಣೆಯ ಚರ್ಮದಿಂದ ಮೂಗನ್ನು ಕಟ್ಟುವಾಗ ಸಾಮಾನ್ಯವಾಗಿ ಸುಮಾರು ಮೂರು ವಾರಗಳನ್ನೇ ಕಾಯುತ್ತಾರೆ. ಕುಂಬಾರನು ಆ ಧಮನಿಯ ಹೆಸರನ್ನು ಕೇಳಿರಲಾರನು. ಆದರೆ ಅವನ ತ್ರಿಕೋಣವು ಸ್ಕಾರ್ಪಾನ ತ್ರಿಕೋಣ ಮಾಡುವ ಕೆಲಸವನ್ನೇ ಮಾಡಿತು: ರಕ್ತ ಎಲ್ಲಿಂದ ಬರುತ್ತದೆಯೋ ಅಲ್ಲಿ ತನ್ನ ಶೃಂಗವನ್ನಿಟ್ಟಿತು.

ಈ ವಿದ್ಯೆ ಸುಶ್ರುತನಿಂದ ನೇರವಾಗಿ ಬಂದುದೆಂದು ಹೇಳುವುದು ಈಗ ವಾಡಿಕೆಯಾಗಿದೆ. ಗ್ರಂಥವನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲವೆಂದು ವಿದಿತವಾಗುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಕಿವಿ ಚುಚ್ಚುವುದನ್ನೂ ಹರಿದ ಕಿವಿಯನ್ನು ಕೂಡಿಸುವುದನ್ನೂ ಹೇಳುವ ಅಧ್ಯಾಯದಲ್ಲಿಯೇ ಮೂಗಿನ ಸಂಧಾನವೂ ಬರುತ್ತದೆ. ಅಲ್ಲಿ ಮೂಗಿನ ಅಳತೆಗೆ ಸರಿಯಾಗಿ ಒಂದು ಎಲೆಯನ್ನು ತೆಗೆದುಕೊಂಡು, ಆ ಅಳತೆಯ ಚರ್ಮವನ್ನು ಕೆನ್ನೆಯ ಪಕ್ಕದಿಂದ ಬಿಡಿಸಿ, ಮೂಗಿನ ಅಂಚನ್ನು ಹಸಿಮಾಡಿ ಕೂಡಿಸಬೇಕೆಂದಿದೆ. ಹೊಳ್ಳೆಗಳಲ್ಲಿ ಎರಡು ನಾಳಗಳನ್ನಿಡುವ ವಿಧಿಯೂ ಇದೆ. ಎಲೆಗೆ ಬದಲು ಮೇಣ, ನಾಳಕ್ಕೆ ಬದಲು ಬಟ್ಟೆ ಎಂಬಷ್ಟರ ಮಟ್ಟಿಗೆ ಸಾಮ್ಯ ಸ್ಪಷ್ಟವಾಗಿದೆ. ಆದರೆ ಸುಶ್ರುತನದು ಕೆನ್ನೆ, ಕುಂಬಾರನದು ಹಣೆ. ಈ ವ್ಯತ್ಯಾಸವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ರಕ್ತದ ದಾರಿಯೇ ಬೇರೆ, ಚರ್ಮವನ್ನು ತಿರುಗಿಸುವ ರೀತಿಯೇ ಬೇರೆ. ಎರಡು ಸಾವಿರ ವರ್ಷಗಳಿಗೆ ಸಮೀಪದ ಅಂತರದಲ್ಲಿ ಎಲ್ಲಿಯೋ, ಸಂಸ್ಕೃತವನ್ನು ಓದದ ಕೈಗಳು ಕೆನ್ನೆಯನ್ನು ಬಿಟ್ಟು ಹಣೆಯನ್ನು ಆರಿಸಿಕೊಂಡುವೆಂದು ತಿಳಿಯುವುದೇ ಯುಕ್ತ. ಹಾಗೆ ತಿಳಿದರೆ ಸುಶ್ರುತನ ಗೌರವಕ್ಕೆ ಕುಂದಿಲ್ಲ, ಕುಂಬಾರನಿಗೆ ಸಲ್ಲಬೇಕಾದುದು ಸಲ್ಲುತ್ತದೆ.

ಸುಶ್ರುತನಲ್ಲಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಸಂಗತಿ ಬೇರೊಂದಿದೆ. ಶಾರೀರಸ್ಥಾನದಲ್ಲಿ ನೂರೇಳು ಮರ್ಮಗಳನ್ನು ಎಣಿಸುವಾಗ ಎರಡು ಹುಬ್ಬುಗಳ ನಡುವಿನ ಎಡೆಯನ್ನು 'ಸ್ಥಪನೀ' ಎಂದು ಕರೆದು, ಅದನ್ನು ಸಿರಾಮರ್ಮಗಳ, ಎಂದರೆ ರಕ್ತನಾಳದ ಮರ್ಮಗಳ, ವರ್ಗಕ್ಕೆ ಸೇರಿಸಿದ್ದಾನೆ. ಅಲ್ಲಿ ನೆಟ್ಟ ಬಾಣವನ್ನು ಕೀಳದೆ ಬಿಟ್ಟರೆ ಬದುಕುವನು, ಕಿತ್ತರೆ ಸಾಯುವನು ಎಂಬುದು ಅದರ ಲಕ್ಷಣ. ಕುಂಬಾರನು ಕತ್ತರಿಸದೆ ಉಳಿಸಿದ ಪಟ್ಟಿ ಸರಿಯಾಗಿ ಅದೇ ಜಾಗದಲ್ಲಿದೆ. ಮೂಗು, ಕಿವಿ, ಕಣ್ಣು, ನಾಲಗೆಗಳನ್ನು ಪೋಷಿಸುವ ಸಿರೆಗಳು ಕೂಡುವ ಮರ್ಮಗಳಿಗೆ ಅವನಿಟ್ಟ ಹೆಸರು 'ಶೃಂಗಾಟಕ'. ಆ ಪದಕ್ಕೆ ಕೊಳದಲ್ಲಿ ಬೆಳೆಯುವ ಮೂರು ಮೂಲೆಯ ಕಾಯಿಯೆಂದೂ, ದಾರಿಗಳು ಕೂಡುವ ಸ್ಥಳವೆಂದೂ ಅರ್ಥಗಳುಂಟು. ಮುಕ್ಕೋಣದ ಹೆಸರನ್ನು ರಕ್ತನಾಳಗಳ ಕೂಡುದಾಣಕ್ಕೆ ಕೊಡುವ ಬುದ್ಧಿ ಹೊಸದಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಆದರೆ ಪ್ರಾಚೀನರ ಮರ್ಮವನ್ನು ಇಂದಿನ ಧಮನಿಯೊಡನೆ ಒಂದಕ್ಕೊಂದು ಸಮೀಕರಿಸುವ ಸಾಹಸವನ್ನು ನಾವು ಮಾಡುವುದಿಲ್ಲ.

ಪತ್ರವು ಲಂಡನ್ನಿನಲ್ಲಿ ಅಚ್ಚಾದ ಮೇಲೆ ಇಪ್ಪತ್ತು ವರ್ಷ ಯಾರೂ ಅದನ್ನು ಗೆಲುವಿನಿಂದ ಪ್ರಯೋಗಿಸಿದಂತಿಲ್ಲ. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಶವಗಳ ಮೇಲೆ ಅಭ್ಯಾಸ ಮಾಡಿ, ಭಾರತದಿಂದ ಹಿಂತಿರುಗಿದವರನ್ನು ವಿಚಾರಿಸಿದನು. ಪುಣೆಯಲ್ಲಿ ರೆಸಿಡೆಂಟನಾಗಿದ್ದ ಸರ್ ಚಾರ್ಲ್ಸ್ ಮ್ಯಾಲೆಟ್, ಈ ಕ್ರಿಯೆ ಕುಂಬಾರರಲ್ಲಿ ಅನಾದಿಕಾಲದಿಂದ ನಡೆದುಬಂದಿದೆಯೆಂದು ಅವನಿಗೆ ತಿಳಿಸಿದನು. ೧೮೧೪ರ ಅಕ್ಟೋಬರ್ ೨೩ರಂದು ಕಾರ್ಪ್ಯೂ ಒಬ್ಬ ಸೈನ್ಯಾಧಿಕಾರಿಯ ಮೇಲೆ ಇದನ್ನು ಮಾಡಿ ಜಯಶಾಲಿಯಾದನು. ಅರಿವಳಿಕೆ ಬಳಕೆಗೆ ಬರಲು ಇನ್ನೂ ಮೂವತ್ತು ವರ್ಷಗಳಿದ್ದುವು. ರೋಗಿಗೆ ಎಲ್ಲವೂ ಎಚ್ಚರದಲ್ಲಿಯೇ ನಡೆಯಿತು. ೧೮೧೬ರಲ್ಲಿ ಕಾರ್ಪ್ಯೂವಿನ ಗ್ರಂಥ ಹೊರಬಂದಿತು. ೧೮೧೮ರಲ್ಲಿ ಬರ್ಲಿನ್ನಿನ ಗ್ರೇಫೆಯ 'ರೈನೋಪ್ಲಾಸ್ಟಿಕ್' ಬಂದಿತು. ಅಲ್ಲಿಂದ ಮುಂದೆ ಯೂರೋಪಿನ ಗ್ರಂಥಗಳು ಇದನ್ನು 'ಭಾರತೀಯ ಪದ್ಧತಿ' ಎಂದು ಕರೆಯುತ್ತ ಬಂದುವು. ದೇಶದ ಹೆಸರು ಉಳಿಯಿತು, ಜಾತಿಯ ಹೆಸರು ಅಡಿಟಿಪ್ಪಣಿಗೆ ಇಳಿಯಿತು.

ಅದೇ ಮುಖದ ಮೇಲೆ ಇಂದಿನ ವೈದ್ಯರು ಮತ್ತೊಂದು ತ್ರಿಕೋಣವನ್ನು ಎಳೆಯುತ್ತಾರೆ. ಬಾಯಿಯ ಎರಡು ಮೂಲೆಗಳಿಂದ ಮೂಗಿನ ಬುಡಕ್ಕೆ ಗೆರೆಗಳನ್ನೆಳೆದರೆ ಸಿಕ್ಕುವ ಇದನ್ನು ಮುಖದ ಅಪಾಯದ ತ್ರಿಕೋಣವೆನ್ನುತ್ತಾರೆ. ಇಲ್ಲಿಯ ಸಿರೆಗಳು ಕಣ್ಣಿನ ಗೂಡಿನ ಸಿರೆಗಳ ಮೂಲಕ ಮಿದುಳಿನ ತಳದಲ್ಲಿರುವ ಸಿರಾಕುಹರದೊಡನೆ ಸಂಬಂಧ ಹೊಂದಿರುವುದರಿಂದ, ಇಲ್ಲಿ ಎದ್ದ ಕುರುವನ್ನು ಹಿಚುಕಿದರೆ ನಂಜು ಒಳಕ್ಕೆ ಏರುವ ಸಂಭವವುಂಟು. ತಲೆಬುರುಡೆಯ ಒಳಕ್ಕೂ ಹೊರಕ್ಕೂ ಕಣ್ಣಿನ ಗೂಡಿನ ಮೂಲಕ ಇರುವ ಈ ಕಾಲುದಾರಿ ಹಣೆಯ ಚರ್ಮಕ್ಕೆ ಜೀವವನ್ನು ತರುತ್ತದೆ, ಕುರುವಿನ ನಂಜನ್ನೂ ಒಯ್ಯುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಆರಂಭವಾದ ಮಂಡ್ಯದ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಇಂತಹ ತ್ರಿಕೋಣಗಳನ್ನು ಬರೆದು ಕಲಿಯುವ ವಿದ್ಯಾರ್ಥಿಗಳು, ಕವಾಸ್ಜಿಯ ಎತ್ತುಗಳು ನಡೆದ ಸೀಮೆಯಲ್ಲಿಯೇ ಕುಳಿತು ಓದುತ್ತಿದ್ದಾರೆ.

ಯುದ್ಧವಾದರೋ ಅಲ್ಲಿಗೆ ನಿಲ್ಲಲಿಲ್ಲ. ೧೭೯೨ರ ಒಪ್ಪಂದದಲ್ಲಿ ಸುಲ್ತಾನನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸನ ಸೈನ್ಯ ಅವನನ್ನು ಸೋಲಿಸಿ, ಸೋಸಲೆಯ ಬಳಿ ಕಾವೇರಿಯನ್ನು ದಾಟಿತು; ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ ಬುಕಾನನನು ಮದ್ದೂರು, ಮಂಡ್ಯಗಳ ದಾರಿಯಲ್ಲಿ ಬಂದಾಗ ಯುದ್ಧದ ಗುರುತುಗಳು ಊರುಗಳ ಮೇಲೆ ಇನ್ನೂ ಇದ್ದುವು.

ಪತ್ರಿಕೆಯಲ್ಲಿ ಅಚ್ಚಾದ ಕವಾಸ್ಜಿಯ ಚಿತ್ರ ಇಂದಿಗೂ ವೈದ್ಯೇತಿಹಾಸದ ಗ್ರಂಥಗಳಲ್ಲಿ ಪುನರ್ಮುದ್ರಿತವಾಗುತ್ತಿದೆ. ರುಮಾಲು ಸುತ್ತಿದ ತ್ರಾಣಿ ಮನುಷ್ಯ, ಹೊಸ ಮೂಗು, ಹಣೆಯ ನಡುವೆ ಮಾಯ್ದ ಗಾಯದ ಕಲೆ. ಪಕ್ಕದಲ್ಲಿ ಸಣ್ಣ ಆಕೃತಿಗಳಾಗಿ ಮೇಣದ ತಗಡನ್ನು ಎರಡು ಸ್ಥಿತಿಗಳಲ್ಲಿ, ಮೂಗಾಗಿ ಬಾಗಿದಂತೆಯೂ ಚಪ್ಪಟೆಯಾಗಿ ಹರಡಿದಂತೆಯೂ, ಬರೆದಿದ್ದಾರೆ. ರೂಪವನ್ನು ಬರೆದ ಚಿತ್ರಗಾರ ಜೇಮ್ಸ್ ವೇಲ್ಸ್, ತಾಮ್ರದ ಮೇಲೆ ಕೆತ್ತಿದವನು ಲಾಂಗ್‌ಮೇಟ್, ನೋಡಿದವರು ಕ್ರೂಸೋ ಮತ್ತು ಫಿಂಡ್ಲೆ. ತಗಡನ್ನು ಮಾಡಿದವನನ್ನು ಪತ್ರವು ಅವನ ಜಾತಿಯಿಂದ ಮಾತ್ರ ಗುರುತಿಸುತ್ತದೆ.